ಬಣ್ಣ ಕಳಪೆಯಲ್ಲ: ಹಳೆಯ ಕಾರಿನ ಒಳಭಾಗಕ್ಕೆ ಹೊಡೆದ ಬಣ್ಣ ಕೈಕೊಡುವುದೇಕೆ

ಭಾವ ಮೂಡಿಗೆರೆಯಿಂದ ತಂದ ಹ್ಯಾಚ್‌ಬ್ಯಾಕ್ ಕಾರಿನ ಬಾಗಿಲ ಒಳಬದಿಯ ಬೂದು ಬಣ್ಣ ಬೇಯಿಸಿದ ಆಲೂಗಡ್ಡೆಯ ಸಿಪ್ಪೆಯಂತೆ ಕಳಚುತ್ತಿತ್ತು. ಉಗುರಿನ ತುದಿ ತಾಗಿಸಿದೆ, ಅಂಗೈಯಗಲದ ಹಾಳೆ ಒಂದೇ ತುಂಡಾಗಿ ಕೈಗೆ ಬಂತು. ಬಣ್ಣ ಹೊಡೆಸಿ ಎರಡು ತಿಂಗಳೂ ಆಗಿರಲಿಲ್ಲ. “ಕಳಪೆ ಬಣ್ಣ ಹಾಕಿದ್ದಾರೆ” ಎಂಬುದು ಭಾವನವರ ತೀರ್ಪು. ನಾನು ಆ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದೆ. ಮಡಿಸಿದರೆ ಮುರಿಯಲಿಲ್ಲ, ಎಳೆದರೆ ಸುಲಭಕ್ಕೆ ಹರಿಯಲಿಲ್ಲ, ಬಣ್ಣವೂ ಒಂದೇ ಸಮನಾಗಿತ್ತು. ಹಿಂಬದಿ ಮಾತ್ರ ತೊಳೆದ ತಟ್ಟೆಯಂತೆ ಸ್ವಚ್ಛ. ಪ್ಲಾಸ್ಟಿಕ್ಕಿನ ಒಂದು ಕಣವೂ ಅದಕ್ಕೆ ಅಂಟಿರಲಿಲ್ಲ. ಒಳ್ಳೆಯ ಬಣ್ಣವೇ, ಆದರೆ ಅದು ಬಾಗಿಲನ್ನು ಒಂದು ದಿನವೂ ಹಿಡಿದುಕೊಂಡಿರಲಿಲ್ಲ.

ಚಿಕ್ಕಮಗಳೂರಿನ ನನ್ನ ಶೆಡ್ಡಿಗೆ ಬರುವ ಹಳೆಯ ಕಾರುಗಳು ಯಾವ ದಿಕ್ಕಿನಿಂದ ಬಂದವು ಎಂಬುದನ್ನು ಒಳಭಾಗ ನೋಡಿಯೇ ಸುಮಾರಾಗಿ ಹೇಳಬಹುದು. ಕಡೂರು ಕಡೆಯ ಕಾರಿನಲ್ಲಿ ಡ್ಯಾಶ್‌ಬೋರ್ಡಿನ ತಲೆ ಬಿಳಿಚಿರುತ್ತದೆ, ಬೆರಳಿಟ್ಟರೆ ಸುಣ್ಣ ಹಚ್ಚಿದ ಗೋಡೆಯಂತೆ ಪುಡಿ ಅಂಟುತ್ತದೆ. ಅದು ಬಿಸಿಲಿನ ಕೆಲಸ. ಮೂಡಿಗೆರೆ, ಕೊಟ್ಟಿಗೆಹಾರ, ಕೊಪ್ಪದ ಕಾರಿನಲ್ಲಿ ಪ್ಲಾಸ್ಟಿಕ್ ಗಟ್ಟಿಯಾಗಿಯೇ ಇದ್ದು ಮೇಲ್ಮೈ ಜಿಗುಟಾಗಿರುತ್ತದೆ, ಸಂದಿಗಳಲ್ಲಿ ಬೂಷ್ಟು ಕುಳಿತಿರುತ್ತದೆ. ಅದು ತೇವದ ಕೆಲಸ. ಒಂದೇ ಜಿಲ್ಲೆಯ ಈ ಎರಡು ರೋಗಕ್ಕೂ ಒಂದೇ ಡಬ್ಬಿಯ ಬಣ್ಣ ಹೊಡೆದರೆ ಎರಡೂ ಕೆಡುತ್ತವೆ, ಬೇರೆ ಬೇರೆ ಬಗೆಯಲ್ಲಿ.

ಎಲ್ಲಿ ಕೆಟ್ಟಿದೆ ಎಂಬುದರಲ್ಲೇ ಅರ್ಧ ಉತ್ತರ

ಕೈ ತಾಗುವ ಕಡೆ ಮಾತ್ರ ಸವೆದಿದೆಯೇ? ಹಾಗಾದರೆ ಬೆವರು, ಎಣ್ಣೆ, ಉಂಗುರದ ಗೀರು, ಅಥವಾ ಹಾರ್ಡ್‌ನರ್ (ಬಣ್ಣ ಗಟ್ಟಿಯಾಗಲೆಂದು ಬೆರೆಸುವ ದ್ರಾವಣ) ಕಾಣದ ಮೃದು ಬಣ್ಣ ಕಾರಣವಿರಬಹುದು. ಗಾಜಿನ ಕಡೆಗೆ ಮುಖ ಮಾಡಿದ ಭಾಗ ಮಾತ್ರ ಕೆಟ್ಟಿದೆಯೇ? ಬಿಸಿಲು. ಕೈಯೂ ತಾಗದ, ಬಿಸಿಲೂ ಬೀಳದ ಮೂಲೆಯಲ್ಲೂ ಬಣ್ಣ ಏಳುತ್ತಿದೆಯೇ? ಆಗ ಬಳಕೆಯನ್ನು ದೂರಿ ಪ್ರಯೋಜನವಿಲ್ಲ; ತಳ ತಯಾರಿ ತಪ್ಪಿದೆ. ಭಾವನವರ ಕಾರಿನಲ್ಲಿ ಬಾಗಿಲ ಜೇಬಿನ ಒಳಗೂ ಬಣ್ಣ ಎದ್ದಿತ್ತು.

ಆಮೇಲೆ ಚೂರನ್ನು ನೋಡಿ. ದೊಡ್ಡ ಹಾಳೆಯಾಗಿ ಬಂದರೆ ಬಣ್ಣಕ್ಕೂ ಪ್ಲಾಸ್ಟಿಕ್ಕಿಗೂ ನಂಟೇ ಆಗಿಲ್ಲ. ಬಿರುಸಾದ ಸಣ್ಣ ಚಕ್ಕೆಗಳಾಗಿ ಸಿಡಿದರೆ, ಬಾಗುವ ಭಾಗಕ್ಕೆ ಬಾಗದ ಬಣ್ಣ ಬಿದ್ದಿದೆ. ಬೆರಳಿನಲ್ಲಿ ಉಜ್ಜಿದಾಗ ಉಂಡೆಯಾಗಿ ಬಂದರೆ ಅದು ಒಣಗಿಲ್ಲ, ಇಲ್ಲವೇ ಕೆಳಗಿನಿಂದ ಏನೋ ಅದನ್ನು ಮೆತ್ತಗೆ ಮಾಡುತ್ತಿದೆ.

ಎದ್ದಿಲ್ಲದ ಭಾಗವನ್ನೂ ನಂಬಬೇಡಿ. ಕಾಣದ ಜಾಗದಲ್ಲಿ ಬ್ಲೇಡಿನಿಂದ ಎರಡು ಮಿಲಿಮೀಟರ್ ಅಂತರದ ಆರು ಗೆರೆ, ಅವುಗಳ ಮೇಲೆ ಅಡ್ಡಲಾಗಿ ಮತ್ತೆ ಆರು ಗೆರೆ ಎಳೆದು ಚೌಕುಳಿ ಮಾಡಿ. ಒಳ್ಳೆಯ ಅಂಟಿನ ಟೇಪನ್ನು ಅದರ ಮೇಲೆ ಒತ್ತಿ, ಸರಕ್ಕನೆ ಎಳೆಯಿರಿ. ಗೆರೆಗಳು ಸೇರುವ ಮೂಲೆಯಲ್ಲಿ ಚುಕ್ಕೆಯಷ್ಟು ಹೋದರೆ ಚಿಂತೆಯಿಲ್ಲ. ಚೌಕಗಳೇ ಟೇಪಿಗೆ ಅಂಟಿ ಬಂದರೆ ಆ ಇಡೀ ಭಾಗವನ್ನು ಬರಿಮೈ ಮಾಡಬೇಕು. ನೆಲ ಅಲುಗಾಡುವಾಗ ಮೇಲೆ ಇನ್ನೊಂದು ಕೋಟು ಹೊಡೆದರೆ ಅದೂ ಕೆಳಗಿನದರ ಜೊತೆಯಲ್ಲೇ ಹೋಗುತ್ತದೆ.

ಇದು ಯಾವ ಪ್ಲಾಸ್ಟಿಕ್?

ಭಾಗವನ್ನು ಬಿಚ್ಚಿ ಬೆನ್ನು ನೋಡಿ. ಅನೇಕ ಕಾರುಗಳಲ್ಲಿ ಎರಡು ಬಾಣದ ಮೊನೆಗಳ ನಡುವೆ ಪಿಪಿ ಅಥವಾ ಎಬಿಎಸ್ ಎಂಬ ಇಂಗ್ಲಿಷ್ ಅಕ್ಷರಗಳು ಅಚ್ಚಾಗಿರುತ್ತವೆ. ಎಬಿಎಸ್ ಬಣ್ಣವನ್ನು ಸುಲಭವಾಗಿ ಹಿಡಿಯುತ್ತದೆ. ಪಿಪಿ, ಎಂದರೆ ಪಾಲಿಪ್ರೊಪಿಲೀನ್, ಮೇಣದಂಥ ಮೈ. ನೀರನ್ನೂ ಬಣ್ಣವನ್ನೂ ಹತ್ತಿರ ಸೇರಿಸುವುದಿಲ್ಲ. ಅದರ ಮೇಲೆ ಪಿಪಿ ಪ್ರೈಮರ್ (ಬಣ್ಣ ಹಿಡಿಯಲೆಂದು ಮೊದಲು ಹೊಡೆಯುವ ಪದರ) ಇಲ್ಲದೆ ಹೊಡೆದ ಬಣ್ಣ ಕೆಸುವಿನ ಎಲೆಯ ಮೇಲಿನ ನೀರೇ ಸರಿ.

ಗುರುತು ಅಳಿಸಿದ್ದರೆ ಬೆನ್ನಿನ ಮೂಲೆಯಿಂದ ಕಡಲೆಕಾಳಿನಷ್ಟು ಕೆತ್ತಿ ನೀರಿಗೆ ಹಾಕಿ. ಶುದ್ಧ ಪಿಪಿ ತೇಲುತ್ತದೆ, ಎಬಿಎಸ್ ಮುಳುಗುತ್ತದೆ. ಇಲ್ಲಿ ನಾನೇ ಒಮ್ಮೆ ಮೋಸಹೋಗಿದ್ದೇನೆ. ಕಾರಿನ ಪಿಪಿಗೆ ಗಟ್ಟಿತನಕ್ಕಾಗಿ ಟಾಲ್ಕ್ ಪುಡಿ ಬೆರೆಸುವುದುಂಟು. ಬೆನ್ನಿನಲ್ಲಿ ‘ಟಿ20’ ಎಂದಿದ್ದರೆ ನೂರಕ್ಕೆ 20 ಪಾಲು ಟಾಲ್ಕ್; ಆ ಪಿಪಿಯೂ ಮುಳುಗುತ್ತದೆ. ಆದ್ದರಿಂದ ತೇಲಿದರೆ ಪಿಪಿ ಎನ್ನಬಹುದು, ಮುಳುಗಿದರೆ ಎಬಿಎಸ್ ಎನ್ನಲಾಗದು. ಮುಳುಗಿದ್ದಕ್ಕೆ ಅಸಿಟೋನ್ ಪರೀಕ್ಷೆ ಮಾಡಿ: ಹತ್ತಿಯ ತುದಿಯಲ್ಲಿ ಒಂದು ಹನಿಯನ್ನು ಬೆನ್ನಿಗೆ ತಾಗಿಸಿದರೆ ಎಬಿಎಸ್ ಕರಗಿ ಅಂಟಂಟಾಗುತ್ತದೆ, ಪಿಪಿ ಏನೂ ಆಗದವರಂತೆ ಇರುತ್ತದೆ. ಇದೇ ಕಾರಣಕ್ಕೆ ಎಬಿಎಸ್ ಭಾಗವನ್ನು ಖಾರವಾದ ಥಿನ್ನರಿನಲ್ಲಿ ಒರೆಸಬಾರದು; ಕೂದಲೆಳೆಯಂಥ ಬಿರುಕುಗಳು ಏಳುತ್ತವೆ, ಅವು ಬಣ್ಣದ ಮೇಲೂ ಕಾಣುತ್ತವೆ.

ಬಾಗಿಲ ಮಧ್ಯದ ಮೆತ್ತನೆಯ ಹೊದಿಕೆ ಬಹುತೇಕ ಪಿವಿಸಿ ರೆಕ್ಸಿನ್. ಅದನ್ನು ಮೆತ್ತಗಿಡಲು ಸೇರಿಸಿದ ಎಣ್ಣೆಯಂಥ ಪದಾರ್ಥ ವರ್ಷಗಟ್ಟಲೆ ಹೊರಗೆ ಒಸರುತ್ತಲೇ ಇರುತ್ತದೆ. ಸಾಮಾನ್ಯ ಬಣ್ಣ ಅದನ್ನು ಹೀರಿ ಜಿಗುಟಾಗುತ್ತದೆ. ಅಲ್ಲಿಗೆ ರೆಕ್ಸಿನ್ನಿಗೆಂದೇ ಬರುವ ಬಣ್ಣವನ್ನು ತೆಳ್ಳಗೆ ಹೊಡೆಯಬೇಕು. ಗಟ್ಟಿ ಪ್ಲಾಸ್ಟಿಕ್ಕಿನ ಬಣ್ಣವನ್ನು ಅದಕ್ಕೂ ಎಳೆಯುವುದು ಉಳಿತಾಯವಲ್ಲ.

ಭಾವನವರ ಬಾಗಿಲ ಬೆನ್ನಿನಲ್ಲಿ ಪಿಪಿ ಎಂದೇ ಇತ್ತು. ಹಿಂದಿನವರು ಬೂದು ಪ್ರೈಮರ್ ಹೊಡೆದಿದ್ದರು, ಆದರೆ ಅದು ತಗಡಿಗೆ ಹೊಡೆಯುವ ಪ್ರೈಮರ್. ಪಿಪಿ ಪ್ರೈಮರ್ ಸಾಮಾನ್ಯವಾಗಿ ಪಾರದರ್ಶಕ, ನೀರಿನಂತೆ ತೆಳು. ಬಂಪರಿಗೂ ಅದೇ ಬೇಕಾಗುವುದರಿಂದ ಕಾರು ಬಣ್ಣದ ಅಂಗಡಿಗಳಲ್ಲಿ ಸಿಗುತ್ತದೆ. ಅದನ್ನು ಎರಡು ತೆಳು ಪದರ ಹೊಡೆದು, ಡಬ್ಬಿಯಲ್ಲಿ ಬರೆದ ಅವಧಿಯೊಳಗೆ ಮೇಲಿನ ಬಣ್ಣ ಹೊಡೆಯಬೇಕು. ‘ಗಟ್ಟಿಯಾಗಿ ಹಿಡಿಯಲಿ’ ಎಂದು ದಪ್ಪಗೆ ಹೊಡೆದರೆ ಪ್ರೈಮರಿನ ಪದರವೇ ನಡುವೆ ಸೀಳುತ್ತದೆ.

ಜಿಗುಟು

ಮಲೆನಾಡಿನ ಕಾರುಗಳಿಂದ ಹೆಚ್ಚು ಬರುವ ದೂರು ಇದು, ಕಾರಣಗಳು ಮೂರು. ಒಂದು ಹೇಳಿದ್ದಾಯಿತು, ರೆಕ್ಸಿನ್ನಿನ ಒಸರು.

ಎರಡನೆಯದು ಕಾರ್ಖಾನೆಯಲ್ಲೇ ಹಚ್ಚಿದ, ರಬ್ಬರಿನಂತೆ ಮೃದುವಾಗಿ ತಾಗುವ ಪಾಲಿಯುರೆಥೇನ್ ಲೇಪ. ಗಾಳಿಯ ತೇವ ಅದನ್ನು ವರ್ಷಗಳ ಕಾಲ ಒಳಗಿಂದ ಒಡೆಯುತ್ತದೆ. ಕೊನೆಗೆ ಸ್ವಿಚ್ಚು, ಹಿಡಿಕೆಗಳು ಹಲಸಿನ ಮೇಣ ಸವರಿದಂತಾಗುತ್ತವೆ. ಇದಕ್ಕೆ ಔಷಧವಿಲ್ಲ, ತೆಗೆದುಹಾಕಬೇಕು ಅಷ್ಟೆ. ಐಸೊಪ್ರೊಪೈಲ್ ಆಲ್ಕೊಹಾಲ್ ತೊಯ್ಯಿಸಿದ ಬಟ್ಟೆಯನ್ನು ಐದು ನಿಮಿಷ ಹೊದಿಸಿಟ್ಟು, ಆಮೇಲೆ ಉಜ್ಜಿದರೆ ಕಪ್ಪು ಮಸಿಯಂತೆ ಸುತ್ತಿಕೊಂಡು ಬರುತ್ತದೆ. ಬೇಸರದ ಕೆಲಸ, ಒಂದು ಬಾಗಿಲಿಗೆ ಅರ್ಧ ದಿನವಾದರೂ ಹೋಗುತ್ತದೆ. ಸ್ವಿಚ್ಚಿನ ಚಿಹ್ನೆಗಳನ್ನು ಉಜ್ಜುವ ಮೊದಲು ಮೂಲೆಯಲ್ಲಿ ಪರೀಕ್ಷಿಸಿ, ಲೇಪದೊಂದಿಗೆ ಅವೂ ಹೋಗಬಹುದು. ಕೆಳಗೆ ಚೆನ್ನಾದ ಪ್ಲಾಸ್ಟಿಕ್ ಸಿಕ್ಕರೆ ನಾನು ಬಣ್ಣ ಹೊಡೆಯದೆ ಹಾಗೇ ಬಿಡುತ್ತೇನೆ. ಗಿರಾಕಿಗೆ ಅದು ಕೆಲಸ ತಪ್ಪಿಸಿಕೊಂಡಂತೆ ಕಂಡರೂ ಚಿಂತೆಯಿಲ್ಲ.

ಮೂರನೆಯದು ವಿಚಿತ್ರ. ಒಂದು ತೋಟದ ಜೀಪಿನ ಹಿಡಿಕೆಯ ಹೊಸ ಬಣ್ಣ ನಾಲ್ಕು ಬೆರಳಿನ ಅಚ್ಚಿನಲ್ಲಿಯೇ ಮೆತ್ತಗಾಗಿತ್ತು, ಉಳಿದೆಡೆ ಕಲ್ಲಿನಂತೆ ಗಟ್ಟಿ. ವಿಚಾರಿಸಿದಾಗ ತಿಳಿಯಿತು: ಮಳೆಗಾಲದಲ್ಲಿ ತೋಟಕ್ಕಿಳಿಯುವ ಮೊದಲು ಸೊಳ್ಳೆ, ಇಂಬಳಗಳಿಗೆಂದು ಕೈಕಾಲಿಗೆ ಡೀಟ್ ಇರುವ ದ್ರಾವಣ ಹಚ್ಚಿಕೊಂಡು ಅದೇ ಕೈಯಲ್ಲಿ ಹಿಡಿಕೆ ಹಿಡಿಯುತ್ತಿದ್ದರು. ಡೀಟ್ ಹಲವು ಬಣ್ಣಗಳನ್ನೂ ಪ್ಲಾಸ್ಟಿಕ್ಕುಗಳನ್ನೂ ಮೆತ್ತಗೆ ಮಾಡುತ್ತದೆ. ಕೈ ತಾಗುವ ಭಾಗಗಳಿಗೆ ಹಾರ್ಡ್‌ನರ್ ಸೇರಿಸುವ ಪಿಯು (ಪಾಲಿಯುರೆಥೇನ್) ಬಣ್ಣವೇ ಒಳ್ಳೆಯದು, ಆದರೆ ಅದೂ ಪೂರ್ತಿ ಗಟ್ಟಿಯಾಗಲು ಒಂದು ವಾರ ಬೇಕು, ಚಳಿಯಲ್ಲಿ ಇನ್ನೂ ಹೆಚ್ಚು. ಇನ್ನೊಂದು ಮಾತು: ಪಿಯು ಹಾರ್ಡ್‌ನರಿನಲ್ಲಿರುವ ಐಸೊಸೈನೇಟ್ ಉಸಿರಾಟಕ್ಕೆ ಅಪಾಯಕಾರಿ. ಮೂಗಿಗೆ ಕಟ್ಟಿದ ಕರವಸ್ತ್ರವಾಗಲಿ ಧೂಳಿನ ಮಾಸ್ಕಾಗಲಿ ಅದನ್ನು ತಡೆಯುವುದಿಲ್ಲ. ಸರಿಯಾದ ಮುಖಕವಚವಿಲ್ಲದಿದ್ದರೆ ಆ ಕೆಲಸವನ್ನು ಇರುವವರಿಗೆ ಕೊಡಿ.

ಕುಳಿ ಮತ್ತು ಬಿಳಿಚು

ಹೊಡೆಯುತ್ತಿರುವಾಗಲೇ ಬಣ್ಣ ಅಲ್ಲಲ್ಲಿ ಹಿಂದೆ ಸರಿದು ಮೀನಿನ ಕಣ್ಣಿನಂಥ ಗುಂಡು ಕುಳಿಗಳಾದರೆ ಸಿಲಿಕೋನ್ ಇದೆ ಎಂದರ್ಥ. ಡ್ಯಾಶ್‌ಬೋರ್ಡ್ ಹೊಳೆಯಲೆಂದು ವರ್ಷಗಟ್ಟಲೆ ಉಜ್ಜಿದ ಪಾಲಿಶ್ ಈಗ ಸೇಡು ತೀರಿಸಿಕೊಳ್ಳುತ್ತಿದೆ. ಮೊದಲು ಸಾಬೂನು ನೀರು, ಆಮೇಲೆ ಸಿಲಿಕೋನ್ ತೆಗೆಯುವ ದ್ರಾವಣ. ಒಂದು ಬಟ್ಟೆಯಲ್ಲಿ ಹಚ್ಚಿ, ಅದು ಆರುವ ಮೊದಲೇ ಇನ್ನೊಂದು ಒಣ ಬಟ್ಟೆಯಲ್ಲಿ ಎತ್ತಿ. ಒಂದೇ ಬಟ್ಟೆಯಲ್ಲಿ ಒರೆಸುತ್ತ ಹೋದರೆ ಎಣ್ಣೆಯನ್ನು ಇಲ್ಲಿಂದ ಅಲ್ಲಿಗೆ ಸಾಗಿಸಿದಂತಾಯಿತು. ಉಜ್ಜುಕಾಗದಕ್ಕೆ ಕೈ ಹಾಕುವುದು ಇದೆಲ್ಲ ಮುಗಿದ ಮೇಲೆ, ಇಲ್ಲವಾದರೆ ಸಿಲಿಕೋನನ್ನು ಗೀರುಗಳ ಒಳಗೆ ತುಂಬುತ್ತೀರಿ. ಅಲ್ಲೂ 320ರಂಥ ಒರಟು ಕಾಗದ ಬೇಡ. ಪ್ಲಾಸ್ಟಿಕ್ಕಿನ ಮೇಲಿರುವ ಚರ್ಮದಂಥ ಗೆರೆಗಳು ಒಮ್ಮೆ ಸವೆದರೆ ಮರಳಿ ಬರುವುದಿಲ್ಲ. ಬೂದು ಬಣ್ಣದ ನಾರಿನ ಪ್ಯಾಡು ಸಾಕು.

ಇನ್ನು ಬಣ್ಣದ ಮೇಲೆ ಹಾಲು ಚೆಲ್ಲಿದಂಥ ಬಿಳಿಚು. ಇದು ಜೂನ್‌ನಿಂದ ಸೆಪ್ಟೆಂಬರಿನವರೆಗೆ ನಮ್ಮ ಪಾಲಿನ ಶಾಪ. ಥಿನ್ನರ್ ಬೇಗ ಆರುವಾಗ ಮೇಲ್ಮೈಯ ಶಾಖವನ್ನು ಎಳೆದುಕೊಳ್ಳುತ್ತದೆ. ತಣ್ಣಗಾದ ಮೈಮೇಲೆ ಗಾಳಿಯ ತೇವ ಇಬ್ಬನಿಯಂತೆ ಇಳಿದು ಬಣ್ಣದೊಳಗೆ ಸಿಕ್ಕಿಕೊಳ್ಳುತ್ತದೆ. ಬೇಗ ಆರುವ ಎನ್‌ಸಿ (ನೈಟ್ರೋಸೆಲ್ಯುಲೋಸ್) ಲ್ಯಾಕರ್ ಬಣ್ಣದಲ್ಲಿ ಇದು ಹೆಚ್ಚು. ನಿಧಾನವಾಗಿ ಆರುವ ರಿಟಾರ್ಡರ್ ಥಿನ್ನರ್ ಬಳಸಿ, ಮಳೆ ಬಿಟ್ಟ ಮಧ್ಯಾಹ್ನದವರೆಗೆ ಕಾಯಿರಿ, ಕಂಪ್ರೆಸರ್ ಟ್ಯಾಂಕಿನ ಅಡಿಯ ನಲ್ಲಿ ತಿರುಗಿಸಿ ನೀರು ಹೊರಬಿಡಿ. ಈಗಾಗಲೇ ಬಿಳಿಚಿದ್ದರೆ ಅದರ ಮೇಲೆ ಬರೀ ರಿಟಾರ್ಡರನ್ನು ಮಂಜಿನಂತೆ ಸಿಂಪಡಿಸಿದರೆ ಹಲವು ಸಲ ತಿಳಿಯಾಗುತ್ತದೆ. ಬಣ್ಣ ಹೊಡೆಯುವ ಮೊದಲು ಬರಿ ಭಾಗವನ್ನು ಬಚ್ಚಲೊಲೆಯ ಪಕ್ಕದ ಬೆಚ್ಚನೆಯ ಗೋಡೆಗೆ ಒರಗಿಸಿಟ್ಟು ಬಿಸಿ ಮಾಡಿಕೊಳ್ಳುವುದು ನನ್ನ ಅಭ್ಯಾಸ. ಹೊಡೆದ ಮೇಲೆ ಮಾತ್ರ ಅದನ್ನು ಒಲೆಯ ಹತ್ತಿರ ತರಲೇಬಾರದು. ಥಿನ್ನರಿನ ಆವಿ ಬೆಂಕಿಯನ್ನು ದೂರದಿಂದಲೇ ಹುಡುಕಿಕೊಂಡು ಹೋಗುತ್ತದೆ.

ಬಣ್ಣ ನಿಂತಿದೆ, ಆದರೆ ಹೊಂದುತ್ತಿಲ್ಲ

ಇಲ್ಲಿಯವರೆಗಿನದು ಶಿಸ್ತಿನ ಕೆಲಸ. ಇನ್ನು ಮುಂದಿನದರಲ್ಲಿ ಕಣ್ಣೇ ಸುಳ್ಳು ಹೇಳುತ್ತದೆ.

ಮೊದಲಿಗೆ, ಕೋಡ್ ಹುಡುಕಿ ಸಮಯ ಕಳೆಯಬೇಡಿ. ಬಾನೆಟ್ಟಿನಡಿಯ ಪಟ್ಟಿಯಲ್ಲಿರುವ ಬಣ್ಣದ ಕೋಡ್ ಹೊರಮೈಯದು. ಒಳಗಿನ ಹೆಚ್ಚಿನ ಪ್ಲಾಸ್ಟಿಕ್ಕಿಗೆ ಬಣ್ಣ ಹೊಡೆದೇ ಇಲ್ಲ. ಅಚ್ಚು ಹಾಕುವಾಗಲೇ ಕರಗಿದ ಪ್ಲಾಸ್ಟಿಕ್ಕಿನಲ್ಲಿ ಬಣ್ಣ ಬೆರೆಸಿರುತ್ತಾರೆ. ಮೇಲಾಗಿ ಇಪ್ಪತ್ತು ವರ್ಷದ ಬಿಸಿಲು ಅದನ್ನು ಬದಲಿಸಿದೆ. ಎಬಿಎಸ್ ಹಳದಿಗೆ ತಿರುಗುತ್ತದೆ, ಕಪ್ಪು ಪಿಪಿ ಬೂದು ಬಣ್ಣಕ್ಕೆ ತಿರುಗುತ್ತದೆ. ಹಾಗಾಗಿ ಕೇಳಬೇಕಾದ ಪ್ರಶ್ನೆ ಯಾವುದಕ್ಕೆ ಹೊಂದಿಸಬೇಕು ಎಂಬುದು. ಒಂದೇ ಭಾಗಕ್ಕೆ ಬಣ್ಣವಾದರೆ ಅದನ್ನು ಮುಟ್ಟಿಕೊಂಡಿರುವ ಪಕ್ಕದ ಭಾಗಕ್ಕೆ ಹೊಂದಿಸಿ, ಅದು ಎಷ್ಟೇ ಮಾಸಿರಲಿ. ಎಲ್ಲವನ್ನೂ ಹೊಡೆಯುವುದಾದರೆ ಮಾತ್ರ ಬೂದಿತಟ್ಟೆಯ ಹಿಂದೆ, ಸ್ಕ್ರೂ ಮುಚ್ಚಳದ ಕೆಳಗೆ ಉಳಿದ ಮೂಲ ಬಣ್ಣಕ್ಕೆ ಹೋಗಿ. ಎರಡರಲ್ಲೂ ಹೋಲಿಸುವ ಜಾಗವನ್ನು ಮೊದಲು ತೊಳೆಯಿರಿ. ‘ಮಾಸಿದೆ’ ಎಂದುಕೊಂಡದ್ದರಲ್ಲಿ ಅರ್ಧ ಕೊಳೆಯೇ ಆಗಿರುತ್ತದೆ.

ಮಾದರಿ ತುಂಡು ಹೊಡೆದು ಒಣಗಿಸಿ ಪಕ್ಕದಲ್ಲಿಟ್ಟಾಗ ಹೊಂದುತ್ತಿಲ್ಲ ಎನ್ನಿಸಿತೇ? ಬಣ್ಣ ತಿದ್ದಲು ಬೆರೆಸುವ ಟಿಂಟರಿನ ಡಬ್ಬಿ ಮುಟ್ಟುವ ಮೊದಲು ಒಂದು ಪರೀಕ್ಷೆ. ಮಾದರಿಯನ್ನೂ ಮೂಲ ಭಾಗವನ್ನೂ ನೀರಿನಲ್ಲಿ ಒದ್ದೆ ಮಾಡಿ, ಒದ್ದೆಯಿರುವಾಗಲೇ ಹೋಲಿಸಿ. ನೀರಿನ ಪದರ ಎರಡರ ಹೊಳಪನ್ನೂ ಸಮ ಮಾಡುತ್ತದೆ. ಒದ್ದೆಯಲ್ಲಿ ಹೊಂದಿ, ಒಣಗಿದಾಗ ಹೊಂದದಿದ್ದರೆ ಬಣ್ಣ ಸರಿಯಾಗಿದೆ, ಹೊಳಪು ತಪ್ಪಿದೆ. ಒದ್ದೆಯಲ್ಲೂ ಹೊಂದದಿದ್ದರೆ ಮಾತ್ರ ಬಣ್ಣ ತಪ್ಪಿದೆ. ಮೊದಮೊದಲು ನಾನು ಇದನ್ನು ತಿಳಿಯದೆ ಹೊಳಪಿನ ತಪ್ಪನ್ನು ಬಣ್ಣದಿಂದ ತಿದ್ದಲು ಹೋಗಿ, ಅರ್ಧ ಲೀಟರ್ ಬಣ್ಣ ಹಾಳುಮಾಡಿದ್ದೇನೆ.

ಹೊಳಪು ಕಡಿಮೆಯಾದಷ್ಟೂ ಅದೇ ಬಣ್ಣ ತಿಳಿಯಾಗಿ ಕಾಣುತ್ತದೆ, ಏಕೆಂದರೆ ಒರಟು ಮೈ ಬೆಳಕನ್ನು ಎಲ್ಲ ದಿಕ್ಕಿಗೂ ಚೆದುರಿಸಿ ಬಣ್ಣದ ಮೇಲೆ ಬಿಳಿಯ ತೆಳು ಪರದೆ ಎಳೆಯುತ್ತದೆ. ಮ್ಯಾಟ್ ಬಣ್ಣ ಹಸಿಯಿದ್ದಾಗ ಗಾಢವಾಗಿ ಕಂಡು, ಒಣಗಿದಾಗ ತಿಳಿಯಾಗುವುದೂ ಇದಕ್ಕೇ. ಹಸಿ ಬಣ್ಣ ನೋಡಿ ತೀರ್ಮಾನಿಸಬೇಡಿ. ಹೊಳಪು ಇಳಿಸುವ ಪುಡಿ ಡಬ್ಬಿಯ ತಳಕ್ಕೆ ಇಳಿದಿರುತ್ತದೆ. ಕಲಕದೆ ಹೊಡೆದರೆ ಮೊದಲ ಬಾಗಿಲು ಹೊಳೆಯುತ್ತದೆ, ಕೊನೆಯದು ಕಾವಲಿಯಂತೆ ಮಂಕಾಗುತ್ತದೆ. ದಪ್ಪ ಕೋಟು ಚರ್ಮದ ಗೆರೆಗಳನ್ನು ತುಂಬಿದರೂ ಹೊಳಪು ಏರುತ್ತದೆ. ಡ್ಯಾಶ್‌ಬೋರ್ಡಿನ ತಲೆಯಂತೂ ಪೂರ್ತಿ ಮಂಕಾಗಿಯೇ ಇರಬೇಕು. ಹೊಳೆದರೆ ಅದರ ಬಿಂಬ ಮುಂದಿನ ಗಾಜಿನಲ್ಲಿ ಬಿದ್ದು, ಚಾರ್ಮಾಡಿಯ ತಿರುವಿನಲ್ಲಿ ರಸ್ತೆಯ ಮೇಲೆ ಡ್ಯಾಶ್‌ಬೋರ್ಡೇ ಕಾಣುತ್ತದೆ.

ನಿಜವಾಗಿ ಬಣ್ಣವೇ ತಪ್ಪಿದ್ದರೆ? ಕಪ್ಪು ಬಿಳಿ ಬೆರೆಸಿದರೆ ಬೂದು ಬರುತ್ತದೆ ನಿಜ, ಆದರೆ ಅದು ನೀಲಿಗೆ ವಾಲಿದ ತಣ್ಣನೆಯ ಬೂದು. ಹಳೆಯ ಕಾರಿನ ಬೂದಿಗೆ ಒಂದಿಷ್ಟು ಹಳದಿ ಆಕ್ಸೈಡ್ ಬೇಕಾಗುತ್ತದೆ. ಹಳದಿ ಕಪ್ಪು ಸೇರಿದಾಗ ಹಸಿರು ಛಾಯೆ ಹೊರಡುತ್ತದೆ. ಅದನ್ನು ಕೊಲ್ಲಲು ಕೆಂಪು ಆಕ್ಸೈಡ್, ಕಡ್ಡಿಯ ತುದಿಯಷ್ಟು. ಅಂಗಡಿಯವರು ತೋರಿಸುವ ಮಿಂಚು ಹಳದಿ, ಮಿಂಚು ಕೆಂಪಿಗಿಂತ ಈ ಮಣ್ಣಿನ ಬಣ್ಣಗಳೇ ಲೇಸು. ಬಿಸಿಲಿಗೆ ತಡೆಯುತ್ತವೆ. ಹನಿ ಎಣಿಸಬೇಡಿ, ಚಿನ್ನ ತೂಗುವಂಥ ಸಣ್ಣ ತಕ್ಕಡಿಯಲ್ಲಿ ತೂಗಿ ಬರೆದಿಡಿ.

ಬೆಳಕಿನ ವಿಚಾರಕ್ಕೆ ನನ್ನದೇ ಮುಖಭಂಗವನ್ನು ಹೇಳಬೇಕು. ಒಂದು ಜುಲೈಯಲ್ಲಿ ಶೆಡ್ಡಿನ ಮುಂದೆ ಮಳೆಗೆ ನೀಲಿ ತಾಡಪಾಲು ಕಟ್ಟಿದ್ದೆವು. ಅದರ ಕೆಳಗೆ ಕುಳಿತು ಒಂದು ಸೆಂಟರ್ ಕನ್ಸೋಲಿಗೆ ಬೂದು ಹೊಂದಿಸಿದೆ, ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ಕಾರು ಹೊರಗೆ ಹೋದ ಕೂಡಲೇ ಗಿರಾಕಿ ಇಳಿದು ಬಂದು, “ಏನಣ್ಣ, ಇದು ಒಲೆಯ ಬೂದಿ ಬಳಿದಂತಿದೆಯಲ್ಲ?” ಎಂದರು. ಹೌದು, ಹಾಗೇ ಇತ್ತು. ನೀಲಿ ಬೆಳಕಿನಲ್ಲಿ ಹಳದಿಯೂ ಕೆಂಪೂ ಬರೀ ಕಪ್ಪಿನಂತೆ ಕಾಣುತ್ತವೆ. ಹಳದಿ ಬೇಕಾಗಿದ್ದ ಕಡೆ ನಾನು ಕಪ್ಪು ಹಾಕುತ್ತ ಹೋಗಿದ್ದೆ. ತೋಟದ ಮರದ ನೆರಳೂ ಹೀಗೆಯೇ ಮೋಸ ಮಾಡುತ್ತದೆ, ಎಲೆಗಳಿಂದ ಸೋಸಿ ಬಂದ ಬೆಳಕು ಹಸಿರು. ಕೆಂಪು ಅಂಗಿ ತೊಟ್ಟು ಬಗ್ಗಿ ನೋಡಿದರೂ ತಿಳಿ ಬೂದು ಬಣ್ಣದ ಮೇಲೆ ಕೆಂಪು ಬೀಳುತ್ತದೆ.

ಇದರ ಜೊತೆಗೆ, ಬೇರೆ ಬೇರೆ ಬಣ್ಣಪುಡಿಗಳಿಂದ ಮಾಡಿದ ಎರಡು ಬೂದುಗಳು ಟ್ಯೂಬ್‌ಲೈಟಿನಲ್ಲಿ ಒಂದೇ ಆಗಿ, ಹಗಲಿನಲ್ಲಿ ಎರಡಾಗುವುದೂ ಉಂಟು. ಅದಕ್ಕೆ ಹೊಳಪಿನ ಪರೀಕ್ಷೆ ಸಾಲದು. ಮಾದರಿಯನ್ನು ಬೆಳಿಗ್ಗೆ ಹತ್ತರ ಹೊತ್ತಿಗೆ ತೆರೆದ ಆಕಾಶದ ನೆರಳಿನಲ್ಲಿ, ಸಂಜೆ ಒಮ್ಮೆ, ರಾತ್ರಿ ಕಾರಿನದೇ ದೀಪದಲ್ಲಿ ಒಮ್ಮೆ ನೋಡಿ. ಮೂರರಲ್ಲೂ ಪೂರ್ತಿ ಹೊಂದದಿದ್ದರೆ ಹಗಲಿನದನ್ನು ಆರಿಸಿಕೊಳ್ಳಿ. ಕಾರಿನ ಒಳದೀಪದಲ್ಲಿ ಬೂದು ಬಣ್ಣ ಪರೀಕ್ಷಿಸುವ ಗಿರಾಕಿಯನ್ನು ನಾನಿನ್ನೂ ಕಂಡಿಲ್ಲ.

ಮುಟ್ಟಬಾರದ್ದು ಎರಡಿವೆ. ಏರ್‌ಬ್ಯಾಗಿನ ಮುಚ್ಚಳ ಒಂದು. ಅದು ನಿಗದಿತ ಗೆರೆಯಲ್ಲಿ ಹರಿದು ತೆರೆಯಬೇಕು, ಅಲ್ಲಿ ಪ್ರೈಮರ್, ಬಣ್ಣ ತುಂಬುವುದು ಬೇಡ. ಸ್ಟೀರಿಂಗ್ ಚಕ್ರ ಇನ್ನೊಂದು. ಅಲ್ಲಿ ಯಾವ ಬಣ್ಣವೂ ಹೆಚ್ಚು ದಿನ ಬಾಳುವುದಿಲ್ಲ, ಹೊದಿಕೆ ಹೊಲಿಸುವುದೇ ಜಾಣತನ. ಇಡೀ ಭಾಗ ಒಡೆದು ಬಾಯಿ ಬಿಟ್ಟಿದ್ದರೆ ಗುಜರಿಯಲ್ಲಿ ಅದೇ ಮಾದರಿಯ ಇನ್ನೊಂದನ್ನು ಹುಡುಕಿ. ತರುವಾಗ ಒಡೆದ ಒಂದು ಚೂರನ್ನೂ ಕೇಳಿ ತನ್ನಿ, ಮಾದರಿ ಹೊಡೆಯಲು ಅದೇ ಗೆರೆಯ ಪ್ಲಾಸ್ಟಿಕ್ ಸಿಕ್ಕಂತಾಗುತ್ತದೆ. ಬಿಳಿ ಹಾಳೆಯ ಮೇಲೆ ಹೊಂದಿದ ಬಣ್ಣ ಗೆರೆಗಳ ಮೇಲೆ ಹೊಂದುವ ಭರವಸೆಯಿಲ್ಲ.

ಭಾವನವರ ಬಾಗಿಲಿನ ಹಳೆಯ ಬಣ್ಣ ತೆಗೆಯಲು ನನಗೆ ಹತ್ತು ನಿಮಿಷವೂ ಬೇಕಾಗಲಿಲ್ಲ. ಉಗುರೇ ಸಾಕಾಯಿತು. ತೊಳೆದು, ಪ್ಯಾಡಿನಲ್ಲಿ ಉಜ್ಜಿ, ಪಿಪಿ ಪ್ರೈಮರಿನ ಎರಡು ತೆಳು ಪದರ, ಮೇಲೆ ಮೂರು ತೆಳು ಕೋಟು. ಏಳನೆಯ ದಿನ ಬಾಗಿಲ ಜೇಬಿನೊಳಗೆ ಚೌಕುಳಿ ಎಳೆದು ಟೇಪು ಕಿತ್ತಾಗ ಟೇಪು ಬರಿದಾಗಿಯೇ ಬಂತು. ಭಾವ ಟೇಪನ್ನು ನನ್ನ ಕೈಯಿಂದ ತೆಗೆದುಕೊಂಡು ಬೆಳಕಿಗೆ ಹಿಡಿದು ನೋಡಿ, ಬಲಗಡೆಯ ಬಾಗಿಲನ್ನೂ ಬಿಚ್ಚಲು ಹೇಳಿದರು. ಒಂದು ತಿಂಗಳು ಪಾಲಿಶ್ ಮುಟ್ಟಿಸಬೇಡಿ ಎಂದಿದ್ದೇನೆ. ಡಿಕ್ಕಿಯಲ್ಲಿದ್ದ ಬಾಟಲಿಯನ್ನು ಸದ್ಯಕ್ಕೆ ನನ್ನ ಬಳಿಯೇ ಇಟ್ಟುಕೊಂಡಿದ್ದೇನೆ.